ಅಬ್ಬರದ ಕಾರಿಗೆ ಹದದ ದನಿ ಕೂರಿಸುವ ಸ್ಪೀಕರ್ ಅಕ್ಕ

ಕಾದ ಬೆಸುಗೆ ಕಡ್ಡಿ ರಾಳಕ್ಕೆ ತಾಗಿದರೆ ಒಂದೆಳೆ ಹೊಗೆ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಎಲ್ಲೋ ದೂರದಲ್ಲಿ ಹಸಿ ಮರ ಸುಟ್ಟ ಹಾಗಿನ ವಾಸನೆ. ಸ್ಪೀಕರ್ ಅಕ್ಕನಿಗೆ ಅದು ಅಪ್ಪನ ಅಂಗಿಯ ವಾಸನೆ. ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪ ಸಂಜೆ ಮನೆಗೆ ಬಂದು ಎತ್ತಿಕೊಂಡಾಗ, ಪುಟ್ಟ ಹುಡುಗಿ ಅವರ ಹೆಗಲಿಗೆ ಮೂಗು ಒತ್ತಿ, "ಇವತ್ತು ಎಷ್ಟು ರೇಡಿಯೊ ಬಾಯಿ ಬಿಟ್ವಪ್ಪಾ?" ಎಂದು ಕೇಳುತ್ತಿದ್ದಳಂತೆ. ಅಪ್ಪ ಹೋಗಿ ಬಹಳ ಕಾಲವಾಯಿತು. ಆ ರೇಡಿಯೊಗಳೂ ಹೋದವು. ವಾಸನೆ ಮಾತ್ರ ಅದೇ ಅಂಗಡಿಯ ಅದೇ ಮೇಜಿನ ಮೇಲೆ ಈಗಲೂ ನಸುಕಿನಲ್ಲಿ ಏಳುತ್ತದೆ.

ಬೀದಿ ದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಒಳಗೆ ಅಕ್ಕ ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದಾರೆ. ಕಾರಿನ ಬಾಗಿಲ ಒಳಹೊದಿಕೆ ಕಳಚಿ ಗೋಡೆಗೆ ಒರಗಿದೆ. ತಗಡಿನ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ಇಳಿಸಿ, ಕಣ್ಣು ಮುಚ್ಚಿ, ಯಾವುದೋ ತಂತಿಯನ್ನು ಹುಡುಕುತ್ತಿದ್ದಾರೆ. ಮುಂಗೈ ಮೇಲೆ ಹಳೆಯ ಗೀರುಗಳು ಹೆಣೆದುಕೊಂಡಿವೆ. ತಗಡಿನ ಅಂಚು ಯಾರ ಮುಲಾಜನ್ನೂ ನೋಡುವುದಿಲ್ಲ.

ಐವತ್ತು ದಾಟಿದ ಅಕ್ಕನ ಕಸುಬು ಕಾರುಗಳಿಗೆ ಸ್ಪೀಕರ್ ಕೂರಿಸುವುದು. ಅವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ, ಕೇಳಿದರೆ ಅವರೇ ಒಂದು ಕ್ಷಣ ಯೋಚಿಸುತ್ತಾರೆ. ಕಾರಿಗೆ ಬಣ್ಣ ಬಳಿದವನ ಕೆಲಸವನ್ನು ದಾರಿಹೋಕರೂ ಹೊಗಳುತ್ತಾರೆ. ಅಕ್ಕನ ಕೆಲಸ ಬಾಗಿಲ ಹೊದಿಕೆ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಚೆನ್ನಾಗಿ ಕೇಳಿದರೆ ಜನ ಹಾಡನ್ನು ಹೊಗಳುತ್ತಾರೆ, ಕೆಟ್ಟದಾಗಿ ಕೇಳಿದರೆ ಅಕ್ಕನನ್ನು ಬೈಯುತ್ತಾರೆ.

ಅಪ್ಪ ತೀರಿಕೊಂಡಾಗ ಅಂಗಡಿ ಮಾರಿಬಿಡು ಎಂದವರೇ ಎಲ್ಲ. ಅಕ್ಕ ಮಾರಲಿಲ್ಲ. ಮೊದಮೊದಲು ಬಂದವರು ಒಳಗೆ ಇಣುಕಿ, "ಗಂಡಸರು ಯಾರೂ ಇಲ್ವಾ?" ಎನ್ನುತ್ತಿದ್ದರು. "ಇದ್ರು. ಕಾದು ಕಾದು ಹೋದ್ರು. ನಿಮ್ಮ ಕಾರಿಗೆ ಏನಾಗಿದೆ ಹೇಳಿ," ಎಂದು ಅಕ್ಕ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಿದ್ದರು. ಆಗ ತಿಂಗಳಿಗೆ ಒಂದು ಕಾರು ಬಂದರೆ ಹೆಚ್ಚು. ಈಗ ವಾರಕ್ಕೆ ಎರಡಾದರೂ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಬೇರೆ ಕಡೆ ದೊಡ್ಡ ಸ್ಪೀಕರ್ ಹಾಕಿಸಿಕೊಂಡು, ಕೈ ಸುಟ್ಟುಕೊಂಡು ಬಂದವರವು.

ಕೆಂಪು ಕಾರಿನ ಯಜಮಾನರು ಹಲ್ಲಿನ ಡಾಕ್ಟರು. ಚಿಕ್ಕಂದಿನಿಂದ ಆಸೆಪಟ್ಟಿದ್ದ ಕಾರನ್ನು ತಲೆ ನರೆತ ಮೇಲೆ ಕೊಂಡಿದ್ದಾರೆ. ಎರಡೇ ಸೀಟು, ಬಟ್ಟೆಯ ಚಾವಣಿ, ಸೈಲೆನ್ಸರ್ ಹೆಸರಿಗೆ ಮಾತ್ರ. ಸ್ಟಾರ್ಟ್ ಆದರೆ ಬೀದಿಯ ನಾಯಿಗಳೆಲ್ಲ ಒಮ್ಮೆ ತಲೆ ಎತ್ತುತ್ತವೆ. "ಇರೋದ್ರಲ್ಲೇ ದೊಡ್ಡ ಸ್ಪೀಕರ್ ಹಾಕಿಬಿಡಿ ಅಕ್ಕಾ. ಈ ಗಲಾಟೆಯಲ್ಲಿ ಹಾಡೂ ಕೇಳಲ್ಲ, ಪಕ್ಕದಲ್ಲಿ ಕೂತು ನಮ್ಮ ಮನೆಯವಳು ಬೈದ್ರೆ ಅದೂ ಕೇಳಲ್ಲ," ಎಂದಿದ್ದರು ಮೊದಲ ದಿನ.

"ಬೈಗುಳ ಕೇಳಬೇಕಾ ಬೇಡವಾ, ಅದನ್ನ ಮೊದಲು ತೀರ್ಮಾನ ಮಾಡಿ," ಎಂದಿದ್ದರು ಅಕ್ಕ.

ಅಬ್ಬರದ ಕಾರು ಬಂದರೆ ಅಕ್ಕ ಮೊದಲು ಸ್ಪೀಕರ್ ತೋರಿಸುವುದೇ ಇಲ್ಲ. ಊರು ಏಳುವ ಮುಂಚೆ ಕಾರು ತರಲು ಹೇಳಿ, ಪಕ್ಕದ ಸೀಟಿನಲ್ಲಿ ಕೂತು, ಹಾಡು, ಎಸಿ ಎಲ್ಲ ಆಫ್ ಮಾಡಿಸಿ ಒಂದು ಸುತ್ತು ಹೋಗಿಬರುತ್ತಾರೆ. ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದಿರುತ್ತಾರೆ. "ಇಂಜಿನ್ ತನ್ನ ಮಾತು ಮುಗಿಸ್ಲಿ. ಅದು ಎಲ್ಲಿ ಮಾತಾಡಲ್ವೋ ಅಲ್ಲಿ ನಮ್ಮ ಹಾಡು ಕೂರಿಸ್ಬೇಕು. ಇದರ ಸೈಲೆನ್ಸರ್ ಕೆಳಗಿನ ದನಿಯಲ್ಲೇ ಗುಂಯ್ ಅನ್ನುತ್ತೆ. ನೀವು ಎಷ್ಟು ದೊಡ್ಡ ಬೇಸ್ ಹಾಕಿದ್ರೂ ಅದು ನುಂಗಿ ನೀರು ಕುಡಿಯುತ್ತೆ. ಸಿಟ್ಟಿಗೆ ವಾಲ್ಯೂಮ್ ಏರಿಸ್ತೀರಿ, ತಲೆನೋವು ತಂದ್ಕೊಳ್ತೀರಿ. ಮನುಷ್ಯರ ಮಾತಿನ ದನಿ ಇದೆಯಲ್ಲ, ನಡುವಿಂದು, ಅದು ಸ್ಪಷ್ಟ ಇರೋ ಸ್ಪೀಕರ್ ಸಾಕು. ಅದಕ್ಕೂ ಮುಂಚೆ ಬಾಗಿಲ ತೂತು ಮುಚ್ಬೇಕು."

ತೂತು ಮುಚ್ಚುವುದೇ ಅರ್ಧ ಕೆಲಸ. ಬಾಗಿಲ ತಗಡಿಗೆ ಸದ್ದು ಹೀರುವ ದಪ್ಪನೆಯ ಅಂಟುಹಾಳೆಯನ್ನು ಇಂಚಿಂಚಾಗಿ ಒತ್ತುತ್ತಾರೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಡಬ್ಬದ ಹಾಗೆ ಠಣ್ ಎನ್ನುತ್ತಿದ್ದ ಬಾಗಿಲು ಈಗ ಮರದ ಹಾಗೆ ದಪ್ಪಗೆ ಉತ್ತರಿಸುತ್ತದೆ. ಸ್ಪೀಕರ್ ಆರಿಸುವುದು ಅದಾದ ಮೇಲೆ, ಅದೂ ಇಂಜಿನ್ ಓಡುತ್ತಿರುವಾಗ. ನಿಶ್ಶಬ್ದ ಅಂಗಡಿಯಲ್ಲಿ ಯಾವ ಸ್ಪೀಕರೂ ಚೆಂದವೇ, ಸಂಸಾರ ಮಾಡಿದರೆ ತಾನೇ ಬುದ್ಧಿ ಗೊತ್ತಾಗುವುದು ಎಂದು ನಗುತ್ತಾರೆ.

ಪರೀಕ್ಷೆಗೆ ಅವರು ಹಾಡು ಹಾಕುವುದಿಲ್ಲ. "ಹಾಡು ಮೋಸ ಮಾಡುತ್ತೆ, ಮಾತು ಮಾಡಲ್ಲ," ಎನ್ನುವ ಅಕ್ಕನ ಬಳಿ ಒಂದು ಹಳೆಯ ರೆಕಾರ್ಡಿಂಗ್ ಇದೆ. ಈಗ ನರ್ಸ್ ಆಗಿರುವ ಮಗಳು ಒಂದನೇ ತರಗತಿಯಲ್ಲಿದ್ದಾಗ ಗಟ್ಟಿಯಾಗಿ ಓದಿದ ಪಾಠ. ಸಂತೆಗೆ ಹೋದ ಮೊಲದ ಕಥೆ. 'ಸ' ಬಂದಲ್ಲೆಲ್ಲ ಮಗುವಿನ ಬಾಯಿಂದ ಸಣ್ಣದೊಂದು ಶಿಳ್ಳೆ ಹೊರಡುತ್ತದೆ. ಆ ಶಿಳ್ಳೆ ಕೇಳಬೇಕು, ಆದರೆ ಚುಚ್ಚಬಾರದು. ಹಾಗಾದರೆ ಸ್ಪೀಕರ್ ಹದಕ್ಕೆ ಬಂದ ಹಾಗೆ.

ಅಕ್ಕನಿಗೆ ಇನ್ನೊಂದು ಅಳತೆಗೋಲೂ ಇತ್ತು. ಅದು ಪಕ್ಕದ ಗೋಡೆ.

ಗೋಡೆಯ ಆಚೆ ಕಾರಿನ ಸೀಟು ಹೊಲಿಯುವ ಚಿಕ್ಕಮ್ಮ ಇದ್ದಾರೆ. ಸಂಬಂಧದಿಂದ ಚಿಕ್ಕಮ್ಮ ಅಲ್ಲ, ಎರಡು ಅಂಗಡಿಗಳ ನಡುವೆ ಒಂದೇ ತೆಳ್ಳನೆಯ ಗೋಡೆ ಇರುವುದರಿಂದ ಬಂದ ನಂಟು. ಎಪ್ಪತ್ತರ ಹತ್ತಿರದ ಆ ಹೆಂಗಸಿಗೆ ತೀಕ್ಷ್ಣ ಸದ್ದು ಕಂಡರೆ ಆಗುವುದಿಲ್ಲ. ಕಿರಿಕಿರಿಯಾದರೆ ಮರದ ಸ್ಕೇಲಿನಿಂದ ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಾರೆ. ಮೊದಲು ಅಕ್ಕನಿಗೆ ಸಿಟ್ಟು ಬರುತ್ತಿತ್ತಂತೆ. ಬರಬರುತ್ತಾ ಒಂದು ವಿಚಿತ್ರ ಗಮನಕ್ಕೆ ಬಂತು. ಬೇಸ್ ಎಷ್ಟೇ ಗುಡುಗಿದರೂ ಚಿಕ್ಕಮ್ಮ ಸುಮ್ಮನಿರುತ್ತಾರೆ, ಟ್ರೆಬಲ್, ಅಂದರೆ ಮೇಲಿನ ಕೀಚಲು ದನಿ, ಒಂದು ಕೂದಲೆಳೆ ಹೆಚ್ಚಾದರೆ ಟಕ್ ಟಕ್. ಅಂದಿನಿಂದ ಗೋಡೆ ಬಡಿದರೆ ಅಕ್ಕ ಗುಂಡಿಯನ್ನು ತುಸು ಹಿಂದಕ್ಕೆ ತಿರುಗಿಸುತ್ತಾರೆ. ಗೋಡೆ ಸುಮ್ಮನಿದ್ದರೆ ಕಾರನ್ನು ಒಪ್ಪಿಸುತ್ತಾರೆ.

ಡಾಕ್ಟರ ಕಾರನ್ನು ಹೋದ ವಾರ ಒಪ್ಪಿಸಿದಾಗಲೂ ಗೋಡೆ ಸುಮ್ಮನೇ ಇತ್ತು. ಮೂರನೇ ದಿನ ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ನಮ್ಮ ಮನೆಯವಳು ಕೂತ ಸ್ವಲ್ಪ ಹೊತ್ತಿಗೇ ಕಿವಿ ಮುಚ್ಕೊಂಡ್ಲು. ನಾನು ದಿನವಿಡೀ ಕ್ಲಿನಿಕ್‌ನಲ್ಲಿ ಡ್ರಿಲ್ ಸದ್ದು ಕೇಳ್ತೀನಿ. ಸಂಜೆ ಕಾರಿಗೆ ಬಂದ್ರೆ ಇಲ್ಲೂ ಡ್ರಿಲ್ಲೇ ಹಾಡ್ತಾ ಇದೆ."

ಅಕ್ಕ ನಕ್ಕರು. ಡಾಕ್ಟರು ಟೀ ಕುಡಿಯಲು ಹೋದಾಗ ಕಾರಿನಲ್ಲಿ ಕೂತು ಮಗಳ ಪಾಠ ಹಾಕಿದರು. ಅವರ ಕಿವಿಗೆ ಎಲ್ಲವೂ ಸರಿಯಾಗೇ ಇತ್ತು. ಆಗ ನಗು ನಿಂತಿತು. ಹಿಂದಿನ ತಿಂಗಳು ಮಗಳು ಮನೆಗೆ ಬಂದಾಗ, "ಅಮ್ಮಾ, ಓವನ್ ಆಗಿನಿಂದ ಬೀಪ್ ಬೀಪ್ ಅಂತಿದೆ, ಕೇಳಿಸ್ತಿಲ್ವಾ?" ಎಂದದ್ದು ನೆನಪಾಯಿತು. ಕೆಲಸದ ಗುಂಗಿನಲ್ಲಿದ್ದೆ ಎಂದು ಅಂದು ತಳ್ಳಿಹಾಕಿದ್ದರು. ಕಿವಿಯ ಡಾಕ್ಟರ ಬಳಿ ಹೋದರೆ ವಿಷಯ ಖಚಿತವಾಯಿತು. ಮಾತು, ಗದ್ದಲ ಎಲ್ಲ ಕೇಳುತ್ತದೆ, ಮೇಲಿನ ತುದಿಯ ಸಣ್ಣ ಸದ್ದುಗಳು ಮಾತ್ರ ಹೋಗಿವೆ, ಮತ್ತೆ ಬರುವುದಿಲ್ಲ. ಮಗಳ ಶಿಳ್ಳೆ ಕಿವಿಗೆ ಬೀಳುವವರೆಗೆ ಅಕ್ಕ ಟ್ರೆಬಲ್ ಏರಿಸುತ್ತಲೇ ಹೋಗಿದ್ದರು.

"ಬಡಗಿಗೆ ಕೈ ಹೇಗೋ ನನಗೆ ಕಿವಿ ಹಾಗೆ. ಕಿವಿ ಹೋದ್ರೆ ಅಂಗಡಿ ಮುಚ್ಚೋದೇ ಅಂದ್ಕೊಂಡೆ. ಆದ್ರೆ ಒಂದು ಮಾತ್ರ ಅರ್ಥ ಆಗ್ಲಿಲ್ಲ. ಗೋಡೆ ಯಾಕೆ ಸುಮ್ನಿತ್ತು?" ಎನ್ನುತ್ತಾರೆ ಅಕ್ಕ.

ಕೇಳಿಯೇಬಿಡೋಣ ಎಂದು ಪಕ್ಕದ ಅಂಗಡಿಗೆ ಹೋದರೆ ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತಿದ್ದರು. ಕರೆದರೆ ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿದರು. ಎರಡೂ ಕಿವಿಯಲ್ಲಿ ಹತ್ತಿ.

"ಇದೇನು ಚಿಕ್ಕಮ್ಮಾ, ಕಿವೀಲಿ ಹತ್ತಿ?"

"ಶೀತ."

"ಈ ಸೆಕೆಯಲ್ಲಿ?"

ಚಿಕ್ಕಮ್ಮ ಹತ್ತಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಏನ್ ಹೇಳ್ಲಿ ತಾಯಿ. ಕೆಲವು ತಿಂಗಳಿಂದ ನಿನ್ನ ಸದ್ದು ಸೂಜಿ ಥರ ಚುಚ್ತಿತ್ತು. ಇವಳ ಕಿವಿ ಮಂದ ಆಗಿದೆ ಅಂತ ಗೊತ್ತಾಯ್ತು. ಬಂದ ಗಿರಾಕಿ ಮುಂದೆ ಗೋಡೆ ಬಡಿದು ನಿನ್ನ ಮಾನ ಯಾಕೆ ಕಳೀಲಿ ಅಂತ ಹತ್ತಿ ಇಟ್ಕೊಂಡೆ."

"ಅಯ್ಯೋ ದೇವರೇ! ನೀವು ಬಡೀಲಿಲ್ಲ ಅಂತಲೇ ನಾನು ಎಲ್ಲಾ ಸರಿ ಇದೆ ಅಂದ್ಕೊಂಡೆ. ನಿಮ್ಮ ಸ್ಕೇಲು ನೋಡ್ಕೊಂಡೇ ಅಲ್ವಾ ನಾನು ಇಷ್ಟು ವರ್ಷ ಟ್ರೆಬಲ್ ಇಟ್ಟಿದ್ದು!"

ಚಿಕ್ಕಮ್ಮ ಕನ್ನಡಕ ತೆಗೆದು ನೋಡಿದರು. "ನಾನು ಬೈಯೋಕೆ ಬಡೀತಿದ್ದೆ. ನೀನು ಅದ್ರಲ್ಲೇ ಕೆಲಸ ಮಾಡ್ಕೊಂಡ್ಯಾ? ಸಂಬಳ ಇಲ್ದೆ ದುಡಿಸ್ಕೊಂಡಿದ್ದೀಯಲ್ಲೇ ನನ್ನ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ನೀರು ನಗುವಿನದ್ದೇ ಎಂದು ಅಕ್ಕ ಒತ್ತಿ ಹೇಳುತ್ತಾರೆ.

ಡಾಕ್ಟರಿಗೂ ಅಕ್ಕ ಮುಚ್ಚುಮರೆ ಮಾಡಲಿಲ್ಲ. "ನನ್ನ ಕಿವಿಗೆ ತುದಿಯ ಸದ್ದು ಕೇಳಲ್ಲ ಡಾಕ್ಟ್ರೇ. ಇನ್ನೊಂದು ಸಲ ನೋಡ್ತೀನಿ. ಈ ಸಲವೂ ಆಗ್ಲಿಲ್ಲ ಅಂದ್ರೆ ಬೇರೆ ಯಾರ ಹತ್ರ ಹೋಗ್ಬೇಕು ಅಂತ ನಾನೇ ಹೇಳ್ತೀನಿ. ನಾನೂ ಶಟರ್ ಎಳೀತೀನಿ." ಡಾಕ್ಟರು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಬಸ್ಸು ಹತ್ತಿ ಕ್ಲಿನಿಕ್ಕಿಗೆ ಹೋದರು.

ಆ ಇನ್ನೊಂದು ಸಲವೇ ಇವತ್ತಿನ ನಸುಕು. ಬಾಗಿಲ ಕೆಳಗಿನ ಸ್ಪೀಕರ್‌ಗಳ ತಂಟೆಗೆ ಅಕ್ಕ ಹೋಗಿಲ್ಲ. ಮಾತಿನ ದನಿಯನ್ನು ಅವರ ಕಿವಿ ಈಗಲೂ ಗುರುತಿಸುತ್ತದೆ. ಬದಲಾಗಬೇಕಾದದ್ದು ಕನ್ನಡಿಯ ಮೂಲೆಯಲ್ಲಿ ಕೂತು ಮೇಲಿನ ದನಿಯನ್ನಷ್ಟೇ ನುಡಿಸುವ ಪುಟ್ಟ ಸ್ಪೀಕರ್‌ಗಳು, ಟ್ವೀಟರ್‌ಗಳು. ಹೋದ ವಾರ ಹಾಕಿದ್ದವು ಲೋಹದ ಹೊಟ್ಟೆಯವು. ಇನ್ನೆರಡು ಬಗೆಯವು ಈಗ ತಂತಿಗೆ ನೇತಾಡುತ್ತಿವೆ, ಒಂದು ಕಾಗದದ್ದು, ಇನ್ನೊಂದು ರೇಷ್ಮೆ ಬಟ್ಟೆಯದ್ದು. ಬೆಸುಗೆಯ ಹೊಗೆ ಇನ್ನೂ ಆರಿಲ್ಲ.

ಶಟರಿನ ಕೆಳಗೆ ಬಗ್ಗಿ ಚಿಕ್ಕಮ್ಮ ಒಳಗೆ ಬರುತ್ತಾರೆ. ಕೈಯಲ್ಲಿ ಸ್ಕೇಲು. ಹಿಂದೆಯೇ ಡಾಕ್ಟರು.

ಕಾರಿನಲ್ಲಿರುವುದು ಎರಡೇ ಸೀಟು. ಪರೀಕ್ಷೆಯ ಸುತ್ತಿನಲ್ಲಿ ಪಕ್ಕದ ಸೀಟು ಇಷ್ಟು ವರ್ಷ ಅಕ್ಕನದ್ದು. ಇವತ್ತು ಅವರು ಆ ಬಾಗಿಲನ್ನು ತೆರೆದು ಹಿಡಿದು, ಚಿಕ್ಕಮ್ಮನನ್ನು ಕೈಹಿಡಿದು ಕೂರಿಸುತ್ತಾರೆ. ಆಮೇಲೆ ತಾವು ಸ್ಟೀರಿಂಗ್ ಹಿಡಿಯುತ್ತಾರೆ.

"ಇದೇನು ಸೀಟೋ ಬಾಣಲೆಯೋ? ಯಾರು ಹೊಲಿದಿದ್ದು ಇದನ್ನ?" ಚಿಕ್ಕಮ್ಮನ ದೂರು ಶುರು.

"ಸೀಟು ಆಮೇಲೆ ಬೈಯಿರಿ. ಈಗ ಕಿವಿ ಕೆಲಸ."

ಕಾರು ಗುಡುಗುತ್ತಾ ಹೊರಡುತ್ತದೆ. ಫುಟ್‌ಪಾತಿನಲ್ಲಿ ಉಳಿದ ಡಾಕ್ಟರು, ತಮ್ಮ ಬಳಿ ಬಂದ ರೋಗಿಗಳು ಕುರ್ಚಿಯ ಕೈ ಹಿಡಿದುಕೊಳ್ಳುವ ಹಾಗೆ, ತಮ್ಮ ಚೀಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಕಾರು ಬೀದಿಯ ತುದಿಯಲ್ಲಿ ತಿರುಗಿ, ಹೋಗಿ, ಬಂದು, ಮತ್ತೆ ಹೋಗುತ್ತದೆ. ಒಳಗೆ ಮೊಲ ಸಂತೆಗೆ ಹೊರಟಿದೆ. ಕಾಗದದ ಟ್ವೀಟರಿಗೆ ಡ್ಯಾಶ್‌ಬೋರ್ಡಿನ ಮೇಲೆ ಸ್ಕೇಲು ಟಕ್ ಎನ್ನುತ್ತದೆ. ಅಕ್ಕ ಕಾರು ನಿಲ್ಲಿಸಿ ತಂತಿ ಬದಲಿಸುತ್ತಾರೆ. ರೇಷ್ಮೆಯದ್ದಕ್ಕೆ ಮೊದಲು ಟಕ್, ಗುಂಡಿ ತುಸು ಹಿಂದೆ ಬಂದ ಮೇಲೆ ಮೌನ. ಅಕ್ಕ ಆ ಮೌನವನ್ನು ಸುಲಭಕ್ಕೆ ನಂಬುವುದಿಲ್ಲ. ಓರೆಗಣ್ಣಿನಿಂದ ಚಿಕ್ಕಮ್ಮನ ಕಿವಿ ನೋಡುತ್ತಾರೆ. ಹತ್ತಿ ಇಲ್ಲ.

"ಏನ್ ನೋಡ್ತೀಯಾ, ರಸ್ತೆ ನೋಡು. ಇದೇ ಸರಿ. ಬಟ್ಟೆ ಬಟ್ಟೆಯೇ," ಎನ್ನುತ್ತಾರೆ ಚಿಕ್ಕಮ್ಮ, ಜೀವಮಾನವಿಡೀ ಬಟ್ಟೆ ಹೊಲಿದವರ ಗತ್ತಿನಲ್ಲಿ.

ಈಗ ಡಾಕ್ಟರ ಸರದಿ. ಒಬ್ಬರೇ ಹೋಗುತ್ತಾರೆ. ಕೆಂಪು ದೀಪಗಳು ತಿರುವಿನಲ್ಲಿ ಮರೆಯಾಗುತ್ತವೆ, ಅಬ್ಬರ ಸಣ್ಣದಾಗುತ್ತಾ ಹೋಗುತ್ತದೆ. ಅಕ್ಕ ಒರೆಸಿದ ಸ್ಕ್ರೂಡ್ರೈವರನ್ನೇ ಮತ್ತೆ ಒರೆಸುತ್ತಾರೆ. ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ಇದೆ. ಅದು ಇವತ್ತು ಮೇಲೇರುವುದೋ ಕೆಳಗಿಳಿಯುವುದೋ ಎಂದು ಅವರಿಗೇ ಗೊತ್ತಿಲ್ಲ. ಚಿಕ್ಕಮ್ಮ ಸ್ಕೇಲನ್ನು ಕೈಯಲ್ಲಿ ತಿರುಗಿಸುತ್ತಾ ತಿರುವಿನ ಕಡೆಗೇ ನೋಡುತ್ತಿದ್ದಾರೆ.

ಕಾರು ವಾಪಸು ಬಂದು ನಿಲ್ಲುತ್ತದೆ. ಡಾಕ್ಟರು ಇಂಜಿನ್ ಆರಿಸದೆ, ಅದರ ಗುಡುಗಿನ ನಡುವೆಯೇ ಕಿಟಕಿಯಿಂದ ತಲೆ ಹೊರಹಾಕುತ್ತಾರೆ.

"ಅಕ್ಕಾ, ಈ ಪಾಠ ಓದ್ತಿರೋ ಮಗು ಯಾರು?"

"ನನ್ನ ಮಗಳು. ಯಾಕೆ ಡಾಕ್ಟ್ರೇ?"

"ಮೇಲಿನ ಮುಂದಿನ ಹಲ್ಲು ಎರಡೂ ಬಿದ್ದಿತ್ತಲ್ವಾ ಆಗ? 'ಸ' ಬಂದಾಗ ಗಾಳಿ ಅಲ್ಲಿಂದ ಹೋಗ್ತಿದೆ. ಸ್ಪಷ್ಟವಾಗಿ ಕೇಳುತ್ತೆ."

ಅಕ್ಕ ಸ್ಕ್ರೂಡ್ರೈವರನ್ನು ಕೆಳಗಿಡುತ್ತಾರೆ. "ಒಂದೇ ವಾರದಲ್ಲಿ ಬಿದ್ದಿತ್ತು ಎರಡೂ," ಎನ್ನುತ್ತಾರೆ. "ಚುಚ್ಚಲ್ಲ ತಾನೇ?"

"ಚುಚ್ಚೋದಾ? ಆ ಮಗು ಪಕ್ಕದ ಸೀಟಲ್ಲಿ ಕೂತಿದ್ದಂಗಿತ್ತು. ಸಂಜೆ ನಮ್ಮ ಮನೆಯವಳನ್ನ ಕರ್ಕೊಂಡು ಹೋಗ್ತೀನಿ."

ಕಾರು ಹೋದ ಮೇಲೆ ಅಕ್ಕ ಶಟರನ್ನು ಪೂರ್ತಿ ಮೇಲೆತ್ತುತ್ತಾರೆ. ಬೆಳಕು ಮೇಜಿನವರೆಗೂ ಬರುತ್ತದೆ. ಇನ್ನು ಮುಂದೆ ಪ್ರತಿ ಕಾರಿನ ಕೊನೆಯ ಪರೀಕ್ಷೆ ಚಿಕ್ಕಮ್ಮನದ್ದು, ಕೂಲಿಯಲ್ಲಿ ಅವರಿಗೊಂದು ಪಾಲು. "ಹಳೇ ಬಾಕಿ?" ಎಂದು ಚಿಕ್ಕಮ್ಮ ಹುಬ್ಬೇರಿಸಿದ್ದಕ್ಕೆ ಅಕ್ಕ ಕೇಳಿಸದವರ ಹಾಗೆ ನಟಿಸುತ್ತಾರೆ. ಈ ಕಿವಿಯಿಂದ ಅಷ್ಟಾದರೂ ಲಾಭವಾಗಲಿ.

ಮುಂದೇನಾಸೆ ಎಂದು ಕೇಳಿದರೆ ಅಕ್ಕ ಬೆಸುಗೆ ಕಡ್ಡಿಯನ್ನು ಕಾಯಲಿಟ್ಟು ಯೋಚಿಸುತ್ತಾರೆ. ದೊಡ್ಡ ಅಂಗಡಿ ಬೇಡ, ಬೋರ್ಡೂ ಬೇಡ. "ಅಂಗಡಿ ಮಾಲೀಕರು ಗೋಡೆ ತುಂಬಾ ತೆಳು, ಇಟ್ಟಿಗೆ ಕಟ್ಟಿಸಿ ದಪ್ಪ ಮಾಡ್ತೀನಿ ಅಂತಿದ್ದಾರೆ. ಅದೊಂದು ಮಾಡದೇ ಇದ್ರೆ ಸಾಕು."

ಮಧ್ಯಾಹ್ನ ಇನ್ನೊಂದು ಕಾರು ಬಂದಿದೆ. ಅಕ್ಕ ಅದರ ಬಾಗಿಲೊಳಗೆ ಮೊಣಕೈವರೆಗೆ ಮುಳುಗಿದ್ದಾರೆ. ಗೋಡೆಯ ಆಚೆ ಹೊಲಿಗೆ ಯಂತ್ರ ನಿಲ್ಲುತ್ತದೆ. ಚಪ್ಪಲಿಯ ಸದ್ದು. ಚಿಕ್ಕಮ್ಮ ಒಳಗೆ ಬಂದು, ಮೇಜಿನ ಮೇಲಿನ ತಂತಿಗಳನ್ನು ಒಂದು ಪಕ್ಕಕ್ಕೆ ಸರಿಸಿ, ಇನ್ನೂ ಬಿಸಿಯಿರುವ ಊಟದ ಡಬ್ಬಿಯನ್ನು ಅಕ್ಕನ ಗ್ರೀಸು ಮೆತ್ತಿದ ಕೈಗೆ ಕೊಟ್ಟು ಹೊರಟುಹೋಗುತ್ತಾರೆ.