ಭಟ್ಟರನ್ನು ಹೊತ್ತು ತಂದ ಫಿಯಟ್ಟಿಗೆ ಪೂಜೆಯಿಲ್ಲ

ಕೇಳಿ ಸ್ನೇಹಿತರೇ, ಇವತ್ತು ಆಯುಧಪೂಜೆ. ವರ್ತಕ ನಗರದ ನಮ್ಮ ಹೌಸಿಂಗ್ ಸೊಸೈಟಿಯವರೆಲ್ಲ ಬೆಳಿಗ್ಗೆಯೇ ಕಾರು ತೊಳೆದು ಹಾರ ಹಾಕಿದ್ದರು. ಮತ್ತೆ ಕೊಳೆಯಾಗುತ್ತದೆಂದು ಯಾರೂ ಹೊರಗೆ ತೆಗೆಯಲಿಲ್ಲ. ಹಾಗಾಗಿ ಠಾಣೆ ರೈಲ್ವೆ ಸ್ಟೇಷನ್ನಿನಿಂದ ಪೂಜೆಯ ಭಟ್ಟರನ್ನು ಕರೆತಂದದ್ದು ಅಪ್ಪನ ಕಾಲದ ನನ್ನ ಫಿಯಟ್. ಒಂದು ಕಾಲದಲ್ಲಿ ಇಲ್ಲಿ ಸಾಲಿಗೆ ಸಾಲೇ ಫಿಯಟ್ ನಿಲ್ಲುತ್ತಿತ್ತು, ಈಗ ಇದೊಂದೇ.

ಎಲ್ಲ ಕಾರಿಗೂ ಆರತಿ ಎತ್ತಿದ ಭಟ್ಟರು ನನ್ನದನ್ನು ದಾಟಿ ಹೋದರು. ಯಾಕೆಂದು ಕೇಳಿದೆ.

“ಇದಕ್ಕೆಂತ ಪೂಜೆ ಮಾರಾಯ್ರೆ? ಇನ್ನು ಗುಜರಿಗೆ ಹಾಕುವುದಲ್ವಾ?”

ಸುತ್ತಲಿದ್ದವರೆಲ್ಲ ನಕ್ಕರು.

ಪೂಜೆ ಮುಗಿಯಿತು. ಭಟ್ಟರನ್ನು ವಾಪಸ್ ಸ್ಟೇಷನ್ನಿಗೆ ಬಿಡುವವರು ಯಾರು? “ಈಗಷ್ಟೇ ಹಾರ ಹಾಕಿದ್ದು, ಬಿದ್ದುಹೋಗ್ತದೆ” ಎಂದು ಹೊಸ ಕಾರಿನವರೆಲ್ಲ ಜಾರಿಕೊಂಡರು. ಭಟ್ಟರು ಬಂದು, ಫಿಯಟ್ಟಿನ ಬಾಗಿಲು ತೆಗೆದು ಕೂತರು.

ಬಿಟ್ಟು ಬಂದೆ. ಪೂಜೆ ಬೇಕಾದದ್ದು ನಿಂತ ಗಾಡಿಗಳಿಗೆ ತಾನೇ, ಓಡುವ ಗಾಡಿಗೆ ಯಾಕೆ?