ವಾರಿಜಾಳ ದಿನದ ಐದು ಫೋನು

ಪವಾಯಿಯ ಆ ಆಫೀಸಿನಲ್ಲಿ ವಾರಿಜಾ ಎಂದರೆ ನಿಧಾನ ಎಂದೇ ಲೆಕ್ಕ. ದವಾಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಗ್ರಾಹಕರ ದೂರು ಬಗೆಹರಿಸುವುದು ಅವಳ ಕೆಲಸ. ಉಳಿದವರು ತಿಂಗಳಿಗೆ ನೂರೈವತ್ತು ಮುಗಿಸಿದರೆ ಇವಳದು ಮೂವತ್ತೊಂದು. ತಂಡದ ಮುಖ್ಯಸ್ಥೆ ಶಾಮಲಾ ಮುಲುಂಡಿನವಳು, ಮೈಸೂರು ಕಡೆಯ ಮನೆತನ, ಅಂಕಿ ಅಂದರೆ ಅಂಕಿ. ಯಾರು ಎಷ್ಟು ಮುಗಿಸಿದರು ಎಂಬ ಪಟ್ಟಿಯ ತಳದ ಹೆಸರನ್ನು ಸಂಜೆಯೊಳಗೆ ಮೇಲಿನವರಿಗೆ ಕಳಿಸಬೇಕಿತ್ತು. ಕಳಿಸಿದರೆ ಆ ಹೆಸರಿನವರ ಕೆಲಸ ಹೋದಂತೆಯೇ. ಎದುರಿಗೇ ಹೇಳಿಬಿಡೋಣ ಎಂದು ಶಾಮಲಾ ಎದ್ದಳು. ಅಷ್ಟು ದೊಡ್ಡ ಮನಸ್ಸು, ಪಾಪ.

ವಾರಿಜಾ ಫೋನಿನಲ್ಲಿದ್ದಳು. ಮೂರು ತಿಂಗಳ ಹಿಂದೆಯೇ ದೂರು ಮುಗಿದಿದ್ದ ಭಾಂಡುಪಿನ ದವಾಖಾನೆಯ ಕಂಪೌಂಡರನ್ನು ಹಿಂದಿಯಲ್ಲಿ ವಿಚಾರಿಸುತ್ತಿದ್ದಳು: ಔಷಧದ ಚೀಟಿ ಸರಿಯಾಗಿ ಬರುತ್ತಿದೆಯೇ, ಮತ್ತೆಲ್ಲಾದರೂ ನಿಂತಿತೇ.

"ಮುಗಿದುಹೋದ ದೂರಿಗೆ ಯಾಕಮ್ಮ ಫೋನು?"

"ದಿನಾ ಐದು ಮಾಡ್ತೇನೆ ಮೇಡಂ. ನಮ್ಮ ಅಪ್ಪನದ್ದು ಬಾಂದ್ರಾದಲ್ಲಿ ಹೋಟೆಲ್ ಉಂಟಲ್ಲ, ಅವರು ದುಡ್ಡಿನ ಗಲ್ಲೆಯಲ್ಲಿ ಕೂತದ್ದೇ ಇಲ್ಲ. ತಟ್ಟೆ ತೊಳೆಯುವಲ್ಲಿ ನಿಲ್ಲುವುದು. ಎಷ್ಟು ದೋಸೆ ಹೋಯ್ತು ಅಂತ ಅಲ್ಲ, ತಟ್ಟೆಯಲ್ಲಿ ಎಷ್ಟು ವಾಪಸ್ ಬಂತು ಅಂತ ನೋಡ್ಲಿಕ್ಕೆ. ವಾಪಸ್ ಬಂದ್ರೆ ಹಿಟ್ಟಲ್ಲೇ ಏನೋ ತೊಂದರೆ ಉಂಟು ಅಂತ."

ಶಾಮಲಾ ಹೇಳಬೇಕಾದ್ದನ್ನು ಹೇಳದೆ ತನ್ನ ಜಾಗಕ್ಕೆ ಬಂದು, ವಾಪಸ್ ಬಂದ ದೂರುಗಳನ್ನು ಹುಡುಕಿದಳು. ನೂರೈವತ್ತು ಮುಗಿಸಿದವನೊಬ್ಬನ ಅರವತ್ತು ದೂರು ಎರಡೇ ವಾರದಲ್ಲಿ ಮರಳಿದ್ದವು. ಅವನ್ನೇ ಮತ್ತೆ ಮುಗಿಸಿ ಅವನು ಮತ್ತೆ ಎಣಿಸಿಕೊಂಡಿದ್ದ. ಭೇಷ್. ವಾರಿಜಾಳದು? ಒಂದೂ ಇಲ್ಲ. ಎರಡು ವರ್ಷ ಹಿಂದೆ ಹೋದರೂ ಒಂದೂ ಇಲ್ಲ. ಹತ್ತು ಹೆಜ್ಜೆ ದೂರದಲ್ಲಿ ಕೂತು ಈ ಹೆಂಗಸು ಇಂಥ ಕೆಲಸ ಮಾಡುತ್ತಿದ್ದಳು, ಯಾರಿಗೂ ಒಂದು ಮಾತು ಹೇಳದೆ.

ಭಾಂಡುಪಿನ ದೂರನ್ನು ಬಿಚ್ಚಿದಳು. ಆರು ವರ್ಷ ಹಳೆಯದು. ವಾರಿಜಾಳ ಕೈಗೆ ಬರುವ ಮೊದಲು ಹನ್ನೊಂದು ಸಲ ಮುಗಿದು ಮರಳಿತ್ತು, ಹನ್ನೊಂದು ಸಲವೂ ಮುಗಿಸಿದವರಲ್ಲಿ ಒಬ್ಬರದೇ ಹೆಸರು: ಶಾಮಲಾ. ಅತಿ ಹೆಚ್ಚು ದೂರು ಮುಗಿಸಿದ್ದಕ್ಕೆ ಆ ಕಾಲದಲ್ಲಿ ಕೊಟ್ಟ ಫಲಕ ಅವಳ ಮೇಜಿನ ಮೇಲೇ ಇತ್ತು.

ಅವಳು ಪಟ್ಟಿ ಅಳಿಸಿ, ಮರಳಿ ಬಂದ ದೂರುಗಳ ಲೆಕ್ಕದಲ್ಲಿ ಹೊಸದು ಬರೆದಳು. ಮೊದಲ ಹೆಸರು ವಾರಿಜಾ. ಮೇಲಿನವರು ತಳದ ಹೆಸರು ಕೇಳಿದ್ದರಲ್ಲ, ಅಲ್ಲಿ ತನ್ನದನ್ನು ಹಾಕಿ, ಪಕ್ಕದಲ್ಲಿ 'ಒಂದೇ ದೂರು, ಹನ್ನೊಂದು ಸಲ' ಎಂದು ಬರೆದು ಕಳಿಸಿಬಿಟ್ಟಳು.

ಆಮೇಲೆ ವಾರಿಜಾಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು. "ನಾಳೆಯ ಐದರಲ್ಲಿ ಎರಡು ನಂಗೆ ಕೊಡಮ್ಮ."

"ಕೊಡ್ತೇನೆ ಮೇಡಂ," ಎಂದಳು ವಾರಿಜಾ. "ಆದ್ರೆ ದವಾಖಾನೆಯವರು ಬೈದ್ರೆ ಪೂರ್ತಿ ಕೇಳ್ಬೇಕು."