ಟಿಫಿನ್ ಡಬ್ಬಿಯಲ್ಲಿ ಬಂದ ಪತಂಗ

ಚಿತ್ರ ಬರೆಯಲು ಕೂತರೆ ರಂಜನಿಗೆ ಊಟ ತಿಂಡಿಯ ಪರಿವೆ ಇರುತ್ತಿರಲಿಲ್ಲ. ಚಿಪ್ ಕಂಪನಿಯ ಕೆಲಸ ಬಿಟ್ಟ ಮೇಲೆ ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಪ್ರಾಣಿಗಳ ಚಿತ್ರ ಬರೆಯುತ್ತಿದ್ದಳು; ಬರ್ಕ್ಲಿಯ ಪುಟ್ಟ ಮ್ಯೂಸಿಯಮ್ಮೊಂದು ಅವುಗಳನ್ನು ಗೋಡೆಗೆ ಹಾಕುತ್ತಿತ್ತು.

ಈ ಸಲ ಅಲ್ಲಿನ ಮೇಲ್ವಿಚಾರಕ ಸುಘೋಷ್ ಕೇಳಿದ್ದು ಜೋಡಿ ಚಿತ್ರ. ಒಂದು, ನ್ಯೂಗಿನಿಯ ಮರಗಾಂಗರೂ: ಮರದ ಮೇಲೆಯೇ ಬಾಳುತ್ತ, ಒಂದೇ ಮರಿಯನ್ನು ಹೊಟ್ಟೆಚೀಲದಲ್ಲಿ ತಿಂಗಳುಗಟ್ಟಲೆ ಹೊರುವ, ಅಳಿವಿನಂಚಿಗೆ ಬಂದಿರುವ ಪ್ರಾಣಿ. ಇನ್ನೊಂದು, ಯಾರ ಮನೆಯ ಕಪಾಟಿನಲ್ಲಾದರೂ ಸಿಗುವ ಬಟ್ಟೆ ಪತಂಗ.

"ಅದಕ್ಕೆ ಒಂದೇ ಮಗು, ಇದಕ್ಕೆ ಊರು ತುಂಬ. ಅದೇ ಪಾಯಿಂಟು," ಎಂದ ಸುಘೋಷ್.

ಮ್ಯೂಸಿಯಮ್ಮಿನಲ್ಲಿ ಕಾಪಿಟ್ಟಿದ್ದ ಹಳೆಯ ಮರಗಾಂಗರೂ ಚರ್ಮವನ್ನು ನೋಡಿಕೊಂಡು ಮೊದಲ ಚಿತ್ರವನ್ನು ಮುದ್ದಾಗಿ ಮುಗಿಸಿದಳು. ಪತಂಗ ಮಾತ್ರ ಕೈಗೆ ಒಲಿಯಲಿಲ್ಲ. ಅವಳ ಉಣ್ಣೆಯ ಶಾಲನ್ನು ಜರಡಿ ಮಾಡಿದ ಜಾತಿ ಅದು. ಎಷ್ಟು ಸಲ ಬರೆದರೂ ಕಳ್ಳನ ಕಳೆಯೇ ಬಂತು.

"ವಿಲನ್ ಥರ ಕಾಣ್ತಿದೆಯಲ್ಲ! ಒಂದ್ಸಲ ಸರಿಯಾಗಿ ನೋಡಿ," ಸುಘೋಷ್ ನಕ್ಕ.

ಸರಿ, ಕಪಾಟಿನಲ್ಲಿ ಅಡಗಿದ್ದ ಒಂದನ್ನು ಮೆಲ್ಲಗೆ ಗಾಜಿನ ಮುಚ್ಚಳದ ಟಿಫಿನ್ ಡಬ್ಬಿಗೆ ಹಾಕಿಕೊಂಡು ರೈಲು ಹತ್ತಿದಳು. ಚರ್ಮಗಳನ್ನಿಟ್ಟ ಕೋಣೆಯಲ್ಲೇ ಕೂತು ಬರೆಯೋಣವೆಂದು ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಒಳಗಿನ ಪತಂಗ ಕಂಡ ಸುಘೋಷ್ ಕೂಗಿಕೊಂಡ.

"ಅಯ್ಯೋ, ಓಪನ್ ಮಾಡ್ಬೇಡಿ! ಇಲ್ಲಿರೋದೆಲ್ಲ ತುಪ್ಪಳ, ಗರಿ, ಚರ್ಮ! ಇದರ ಮರಿಗಳಿಗೆ ಮದುವೆ ಊಟ!"

ರಂಜನಿಗೆ ಆಗ ಹೊಳೆಯಿತು: ಕಾಡಿನಲ್ಲೇ ಅಪರೂಪವಾದ ಜೀವವನ್ನು ಕಪಾಟಿನ ಹುಳಕ್ಕೆ ಬಡಿಸಲು ಹೊರಟಿದ್ದೆನಲ್ಲ! ಡಬ್ಬಿಯನ್ನು ಅವಚಿಕೊಂಡು ಹೊರಗೋಡಿದಳು. ಹಿಂದೆ ಸುಘೋಷ್, ಅವನ ಹಿಂದೆ ಏನೂ ಅರ್ಥವಾಗದ ಸೆಕ್ಯೂರಿಟಿಯವನು.

ಪಾರ್ಕಿಂಗ್ ಲಾಟಿನ ಬೆಂಚಿನ ಮೇಲೆ ಕೂತು, ಡಬ್ಬಿಯ ಗಾಜಿನ ಮುಚ್ಚಳದ ಮೇಲೆ ಭೂತಗನ್ನಡಿ ಹಿಡಿದಳು. ಗೋಧಿಹೊಟ್ಟಿನ ಬಣ್ಣದ ರೆಕ್ಕೆ. ನೆತ್ತಿಯ ಮೇಲೆ, ನಿದ್ದೆಯಿಂದ ಎದ್ದ ಮಗುವಿನದರಂತೆ ಕೆದರಿದ ಕೆಂಗೂದಲು.

"ಬಾಯೇ ಕಾಣ್ತಿಲ್ವಲ್ಲ?"

"ರೆಕ್ಕೆ ಬಂದ್ಮೇಲೆ ಏನೂ ತಿನ್ನಲ್ಲ. ತಿನ್ನೋದೆಲ್ಲ ಹುಳು ಆಗಿದ್ದಾಗ."

"ಹಂಗಾದ್ರೆ ನಾನು ಬೈದಿದ್ದು ತಪ್ಪು ಅಡ್ರೆಸ್ಸಿಗೆ!" ಎಂದು ರಂಜನಿ ಜೋರಾಗಿ ನಕ್ಕು, ಅಲ್ಲೇ ಪೆನ್ಸಿಲ್ ತೆಗೆದಳು. ಒಂದೇ ಉಸಿರಿಗೆ ಚಿತ್ರ ಮುಗಿಯಿತು. ಪತಂಗವನ್ನು ಬರ್ಕ್ಲಿಯಲ್ಲಿ ಬಿಡಲು ಸುಘೋಷ್ ಸುತರಾಂ ಒಪ್ಪದ್ದರಿಂದ, ಅದೂ ರೈಲಿನಲ್ಲೇ ಫ್ರೀಮಾಂಟಿಗೆ ಮರಳಿತು.

ಚಿತ್ರಗಳು ಗೋಡೆಗೇರಿದ ಭಾನುವಾರ ಅವಳು ಏನೂ ಅರಿಯದವಳಂತೆ ಅಲ್ಲೇ ನಿಂತಿದ್ದಳು. ಸ್ವೆಟರ್ ತೊಟ್ಟ ಹೆಂಗಸೊಬ್ಬಳು ಮರಗಾಂಗರೂ ಕಂಡು ಎದೆಗೆ ಕೈಯಿಟ್ಟುಕೊಂಡಳು. ಪಕ್ಕದ ಪತಂಗವನ್ನೂ ಬಗ್ಗಿ ನೋಡಿದಳು. "ಸೋ ಕ್ಯೂಟ್!" ಎಂದು ಗಂಡನಿಗೆ ತೋರಿಸುತ್ತಲೇ, ತನ್ನ ಸ್ವೆಟರಿನ ಎರಡೂ ತೋಳುಗಳನ್ನು ಸರಸರನೆ ಕೊಡವಿಕೊಂಡಳು.